ಇಪ್ಪತ್ತಮೂರು ಬಾವಿಗಳ ರೆಕಾರ್ಡ್

ಕೋಡಿಪಾಳ್ಯ
ಮೇ 74, 2191

ಪ್ರೀತಿಯ ಶಿಲ್ಪಶ್ರೀ ಅಕ್ಕ,

ದಿನಾಂಕ ತಪ್ಪಿಲ್ಲ. ಮೊದಲ ಮಳೆ ಬೀಳುವವರೆಗೆ ನಾವು ಜೂನ್ ಶುರು ಮಾಡುವುದಿಲ್ಲ. ಈ ವರ್ಷ ಮೇ ಮುಗಿಯುತ್ತಲೇ ಇಲ್ಲ. ನ್ಯಾಯವಾಗಿ ನಿಮ್ಮನ್ನು ಮುತ್ತಜ್ಜಿಯ ಮುತ್ತಜ್ಜಿ ಎನ್ನಬೇಕು. ಆದರೆ ರೆಕಾರ್ಡಿಗೆ ಅಂಟಿಸಿದ ಫೋಟೋದಲ್ಲಿ ನಿಮಗೆ ಇಪ್ಪತ್ತೆರಡು, ನನಗೀಗ ಹತ್ತೊಂಬತ್ತು. ಅಕ್ಕ ಅಂದರೆ ಸಾಕಲ್ಲ? ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಎಂ.ಎಸ್ಸಿ. ಭೂಗೋಳ ಕ್ಲಾಸಿನ ಗ್ರೂಪ್ ಚಾಟ್ ಓದಿ. ಎಲ್ಲಿ ‘ಗುರು’ ಹಾಕಬೇಕು, ಎಲ್ಲಿ ಬೇಡ ಅಂತ ಇನ್ನೂ ಸರಿಯಾಗಿ ಗೊತ್ತಾಗಿಲ್ಲ ಗುರು.

ನಾನು ನಿಮ್ಮ ಫ್ಯಾನ್. ಸುಮ್ಮನೆ ಅಲ್ಲ, ಸಿಕ್ಕಾಪಟ್ಟೆ. ನಮ್ಮೂರಿನ ಇಪ್ಪತ್ತಮೂರು ತೆರೆದ ಬಾವಿಗಳನ್ನು ಅಳೆದು ನೀವು ಬರೆದ ಫೀಲ್ಡ್ ವರ್ಕ್ ರೆಕಾರ್ಡ್ ನನಗೆ ಬಾಯಿಪಾಠ. ಆ ಅಕ್ಷರ! ಒಂಬತ್ತನೇ ಬಾವಿಯ ಕಟ್ಟೆ ಪಕ್ಕ ಮಲಗಿದ ನಾಯಿಯ ಚಿತ್ರ! ನೀವು ಬಂದ ವರ್ಷ ಮಳೆ ಪೂರ್ತಿ ಕೈಕೊಟ್ಟಿತ್ತಂತೆ. ಆಮೇಲೆ ಬಾವಿಗಳನ್ನೆಲ್ಲ ಮಣ್ಣು ಹಾಕಿ ಮುಚ್ಚಿದರು. ಹಾಗಾಗಿ ಬರದಲ್ಲೂ ನೀರು ಉಳಿಸಿಕೊಂಡ ಬಾವಿ ಯಾವುದು ಅಂತ ಹೇಳಬಲ್ಲದ್ದು ಪ್ರಪಂಚದಲ್ಲಿ ನಿಮ್ಮ ರೆಕಾರ್ಡ್ ಒಂದೇ.

ನಮ್ಮ ಭೂಗೋಳ ವಿಭಾಗ ಅಂದರೆ ನೆಲದಡಿಯ ಒಂದು ಕೋಣೆ, ಒಬ್ಬರು ಮೇಡಂ, ಏಳು ಜನ ನಾವು. ಹಗಲೆಲ್ಲ ಕೆಳಗೇ ಇರುತ್ತೇವೆ. ಬೆಳಗಿನ ಜಾವ ಮೇಲೆ ಬರಲು ಸಿಗುವ ಮೂರು ಗಂಟೆಗೆ ‘ತಂಪುಹೊತ್ತು’ ಎನ್ನುತ್ತೇವೆ. ಅಡುಗೆ, ಜಗಳ, ಮದುವೆ ಎಲ್ಲ ಅದರೊಳಗೇ ಮುಗಿಯಬೇಕು. ಪಾತ್ರೆಯನ್ನು ಬೂದಿಯಲ್ಲಿ ಉಜ್ಜಿ ಒರೆಸಿಡುತ್ತೇವೆ. ನಮಗೆ ಪರೀಕ್ಷೆಯ ಹಾಳೆ ಇಲ್ಲ. ನಾವು ಬೆರಳು ತೋರಿಸಿದ ಕಡೆ ಊರು ಅಗೆಯುತ್ತದೆ, ಅದೇ ಪರೀಕ್ಷೆ.

ನಾನು ಹದಿನಾಲ್ಕನೇ ಬಾವಿ ತೋರಿಸಿದೆ. ಕಟ್ಟೆಯಿಂದ ನೀರಿಗೆ ಆರೂವರೆ ಮೀಟರ್ ಅಂತ ನೀವು ಬರೆದಿದ್ದಿರಿ.

ಇಪ್ಪತ್ತೆರಡು ದಿನ ಅಗೆದರು. ಅಗೆಯುವವರಿಗೆ ಎರಡು ಪಾಲು ನೀರು, ಉಳಿದವರಿಗೆ ಅರ್ಧ. ಅಗೆತದ ಮುಂದಾಳು ಓಬಕ್ಕ ಮೊದಮೊದಲು ತಮಾಷೆ ಮಾಡುತ್ತಿದ್ದಳು. “ಏನವ್ವಾ, ನಿಮ್ಮಕ್ಕ ನೀರು ಅಂತ ಬರ್ದವ್ಳೆ, ಬಂಡೆ ಇನ್ನೂ ಓದ್ಕಂಡಿಲ್ವೇನೋ!” ತಳದ ಬಂಡೆ ಸಿಕ್ಕ ದಿನ ಮೇಲೆ ಬಂದು ಕೈಯ ಪುಡಿ ಒರೆಸಿಕೊಂಡು ಒಂದೇ ಮಾತು ಹೇಳಿದಳು. “ಒಣಗೈತೆ ಕಣವ್ವ. ಇದು ಬರದಲ್ಲಿ ನೀರಿಟ್ಕಂಡ ಬಾವಿ ಅಲ್ಲ.” ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ನಿಮ್ಮ ಹಿಂದಿನ ವರ್ಷದ ಸೀನಿಯರ್ ರೆಕಾರ್ಡ್ ಸಿಕ್ಕಿತು. ಅವರದು ಒಳ್ಳೆ ಮಳೆಯ ವರ್ಷ. ಐದನೇ ಬಾವಿಯಿಂದ ಇಪ್ಪತ್ತಮೂರರವರೆಗೆ ಎರಡರಲ್ಲೂ ಅವೇ ಅಂಕಿಗಳು. ಒಂಬತ್ತನೇ ಬಾವಿಯ ನಾಯಿ ಎರಡೂ ವರ್ಷ ಅದೇ ದಿಕ್ಕಿಗೆ ತಲೆ ಹಾಕಿ ಮಲಗಿತ್ತು. ಚಾಟ್ ತೆರೆದೆ, ನಾನು ಓದದೇ ಬಿಟ್ಟಿದ್ದ ಫೀಲ್ಡ್ ವರ್ಕಿನ ದಿನಕ್ಕೆ.

“ನಾಲ್ಕು ಬಾವಿ ಆಯ್ತು, ಬಿಸಿಲು ಸಾಯಿಸ್ತಿದೆ ಗುರು.”

“ಸಾಕು ಬನ್ರೋ, ಮಿಕ್ಕಿದ್ದು ಸೀನಿಯರ್ ರೆಕಾರ್ಡಲ್ಲಿ ಐತೆ.”

ಅದರ ಕೆಳಗೆ ನೀವು, ಅಕ್ಕ: “ನಾಯಿನೂ ಬರ್ಕೋಬೇಕಾ?”

“ಬರ್ಕೋ, ಸರ್‌ಗೆ ನಾಯಿ ಅಂದ್ರೆ ಪ್ರಾಣ.”

ನಗುವ ಮುಖಗಳು, ಹನ್ನೊಂದು. ಮೊದಲು ನನಗೂ ನಗು ಬಂತು. ರೆಕಾರ್ಡ್ ನಾನೂ ನಕಲು ಮಾಡಿದ್ದೇನೆ, ಯಾರು ಮಾಡಿಲ್ಲ? ನೀವು ಕೆಟ್ಟವರೆಂದು ಹೇಳುತ್ತಿಲ್ಲ. ಆ ಪುಸ್ತಕವನ್ನು ಸರ್ ಬಿಟ್ಟು ಇನ್ನೊಬ್ಬರು ಓದುತ್ತಾರೆಂದು ನಿಮಗೆ ಯಾರೂ ಹೇಳಿರಲಿಲ್ಲ. ನಾನು ಓದುತ್ತೇನೆ ಅಕ್ಕ. ಮೂವತ್ತೆಂಟು ಮನೆಯವರು ಓದುತ್ತೇವೆ.

ತೊಟ್ಟಿಯಲ್ಲಿ ಇಪ್ಪತ್ತೈದು ದಿನದ ನೀರಿದೆ. ಇನ್ನು ಒಂದೇ ಬಾವಿ ಅಗೆಯುವಷ್ಟು ಕಸುವು ಉಳಿದಿದೆ. ನಾಳೆ ತಂಪುಹೊತ್ತಿಗೆ ನಾನು ಮತ್ತೆ ಬೆರಳು ತೋರಿಸಬೇಕು. ಮೇಡಂ ಬೇರೆಯವರನ್ನು ಕೇಳಲಿಲ್ಲ, ನನ್ನನ್ನೇ ಕೇಳಿದರು.

ಅದಕ್ಕೇ ‘ಹಿಂದಂಚೆ’. ಹಿಂದಿನ ಕಾಲಕ್ಕೆ ಹೋಗುವ ಅಂಚೆ, ಒಬ್ಬರಿಗೆ ಬದುಕಿನಲ್ಲಿ ಒಂದೇ ಪತ್ರ. ಸತ್ತ ಅಮ್ಮನಿಗೆ ಬರೆಯಬೇಕೆಂದು ಕೂಡಿಟ್ಟುಕೊಂಡಿದ್ದೆ, ನಿಮಗೆ ಬರೆಯುತ್ತಿದ್ದೇನೆ. ತಲುಪಿದರೆ ಇಲ್ಲಿರುವ ನಿಮ್ಮ ರೆಕಾರ್ಡಿನ ಹಾಳೆ ಬದಲಾಗುತ್ತದೆ ಅನ್ನುತ್ತಾರೆ. ಬದಲಾದದ್ದನ್ನು ಕಂಡವರು ಯಾರೂ ಇಲ್ಲ.

ಇದು ಗುರುವಾರ ನಿಮ್ಮ ಕೈ ಸೇರಬೇಕು, ಮರುದಿನವೇ ನಿಮ್ಮ ಫೀಲ್ಡ್ ವರ್ಕ್. ಟೇಪಿನ ತುದಿಗೆ ಕಲ್ಲು ಕಟ್ಟಿ ಇಳಿಸಿ. ಬಂದದ್ದನ್ನು ಬರೆಯಿರಿ. ಒಣಗಿದ್ದರೆ ಒಣಗಿದೆ ಅಂತಲೇ ಬರೆಯಿರಿ, ಅಲ್ಲಿ ನಾವು ಅಗೆಯುವುದಿಲ್ಲ. ನಾಯಿ ಇಲ್ಲದಿದ್ದರೆ ನಾಯಿ ಬೇಡ. ಸರ್ ಅಂಕ ಕಳೆದರೆ ಕಳೆಯಲಿ. ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ, ಎರಡು ಬಾಟಲಿ ನೀರು ಒಯ್ಯಿರಿ. ನಾಲ್ಕು ಮುಗಿದ ಮೇಲೆ ಎಲ್ಲರೂ ಹುಣಸೆಮರದ ನೆರಳಿಗೆ ಕರೆಯುತ್ತಾರೆ, ನಗುತ್ತಾರೆ, ಓದಿ ಉದ್ಧಾರ ಮಾಡ್ತೀಯಾ ಅನ್ನುತ್ತಾರೆ.

ಐದನೆಯದಕ್ಕೆ ನಡೆಯಿರಿ ಅಕ್ಕ.

ನಿಮ್ಮ
ನೇರಳೆ