ಫಿಯಾಟಿಗೆ ಮೆತ್ತನೆಯ ಶಾಕಪ್ಪು

ದಾಂಡೇಲಿ
14-11-1982, ರವಿವಾರ

ಪ್ರೀತಿಯ ಅಮ್ಮಾ,

ನಿನಗೂ ಮಾಮಾನ ಮನೆಯ ಎಲ್ಲರಿಗೂ ವಜೀರನ ಸಲಾಮು. ಬೆನ್ನು ಹೇಗಿದೆ? ಎಣ್ಣೆ ಹಚ್ಚುವವಳು ವಾರಕ್ಕೆ ಮೂರು ಸಲ ಬರುತ್ತಾಳೋ, ಅಥವಾ ನೀನೇ ಸಾಕೆಂದು ಅವಳನ್ನು ಬಾಗಿಲಿನಿಂದ ತಿರುಗಿ ಕಳಿಸುತ್ತೀಯೋ? ಈಗ ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತೇನೆ ಅಂತ ಹೋದ ಪತ್ರದಲ್ಲಿ ನೀನು ಬರೆಸಿದ್ದೆ. ಓದಿ ಸಂತೋಷವೂ ಆಯಿತು, ಹೆದರಿಕೆಯೂ ಆಯಿತು. ಡಾಕ್ಟರು ಬಗ್ಗಬೇಡ ಅಂದದ್ದನ್ನು ಮರೆಯಬೇಡ. ಮುಂಡಗೋಡದ ಚಳಿಗೆ ಆ ಕರಿ ಕಂಬಳಿ ಸಾಕಾಗುತ್ತದೆಯೋ ಇಲ್ಲವೋ, ಅದನ್ನೂ ಬರೆಸು. ರಹೀಮುನ್ನಿಸಾ, ಓದಿ ಹೇಳುವವಳು ನೀನೇ ಅಂತ ಗೊತ್ತು. ಇದನ್ನು ಒಳಗಿನ ಕೋಣೆಯಲ್ಲಿ, ನಿನ್ನ ಸೋದರತ್ತೆಗೆ ಮಾತ್ರ ಕೇಳುವಂತೆ ಓದಮ್ಮ. ಅವಸರ ಮಾಡಬೇಡ.

ಇಲ್ಲಿ ನಾವಿಬ್ಬರೂ ಆರಾಮ. ನನಗೆ ಈ ವಾರ ಮಿಲ್ಲಿನಲ್ಲಿ ಎರಡನೆಯ ಪಾಳಿ. ಅಬ್ಬಾನೇ ಅಡಿಗೆ ಮಾಡುತ್ತಾರೆ. ಉಪ್ಪು ಒಂದು ದಿನ ಇರುತ್ತದೆ, ಒಂದು ದಿನ ಎರಡು ಸಲ ಬಿದ್ದಿರುತ್ತದೆ. ನಾವಿಬ್ಬರೂ ಏನೂ ಅನ್ನದೆ ಉಣ್ಣುತ್ತೇವೆ.

ಈಗ ಬರೆಯುವುದನ್ನು ಕೇಳಿ ನೀನು ಸಿಟ್ಟಾಗಬಹುದು. ಆ ಗಾಡಿಯ ಸುದ್ದಿ ಎತ್ತಬೇಡ ಅಂದಿದ್ದೀ. "ಅದು ಬಾಗಿಲ ಮುಂದ ಇರೂತನಕ ನಾ ಈ ಮನೀಗೆ ಬರೂದಿಲ್ಲ" ಅಂತ ಹೇಳಿ ಬಸ್ಸು ಹತ್ತಿ ಎಂಟು ತಿಂಗಳಾಯಿತು. ಆದರೂ ಬರೆಯುತ್ತೇನೆ. ಒಂದು ತಿಂಗಳಿಂದ ಅಬ್ಬಾ ಆ ಹಳೆ ಫಿಯಾಟಿನ ಹಿಂದೆ ಬಿದ್ದದ್ದನ್ನು ನೋಡಿ ನನಗೇ ಏನೂ ತಿಳಿಯದಾಗಿತ್ತು. ಹದಿನಾರು ವರ್ಷದ ಗಾಡಿ ಅದು, ಮುಂಬೈಯಲ್ಲಿ ಟ್ಯಾಕ್ಸಿಯಾಗಿ ಸವೆದು ನಮ್ಮ ಕೈಗೆ ಬಂದದ್ದು. ಬಾಗಿಲು ಬೀಳುವಂತಾದರೆ ಹಗ್ಗ ಕಟ್ಟಿ ಓಡಿಸುತ್ತಿದ್ದವರು ಅಬ್ಬಾ. ಅಂಥವರು ಒಂದು ಬೆಳಿಗ್ಗೆ ಗಾಡಿಯ ಹಿಂದಿನ ಮೂಲೆಯನ್ನು ಎರಡೂ ಕೈಯಿಂದ ಒತ್ತಿ ಬಿಟ್ಟು, ಅದು ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ ಅಂತ ಎಣಿಸುತ್ತಿದ್ದರು. ಐದು ಸಲ ಆಡಿತು. "ಎರಡ ಸಲಕ್ಕ ನಿಂದ್ರಬೇಕಿತ್ತು" ಅಂದರು. ನನಗೆ ಹೇಳಿದ್ದಲ್ಲ, ಗಾಡಿಗೇ ಹೇಳಿದ ಹಾಗಿತ್ತು. ಬಗ್ಗಿ ನೋಡಿದರೆ ಹಿಂದಿನ ಎರಡೂ ಶಾಕ್‌ಅಬ್ಸಾರ್ಬರುಗಳಿಂದ ಎಣ್ಣೆ ಇಳಿದು, ಅದರ ಮೇಲೆ ಕೆಂಪು ಮಣ್ಣು ಹೆಪ್ಪುಗಟ್ಟಿತ್ತು. ಗ್ಯಾರೇಜಿನವರು ಅದನ್ನೇ ಶಾಕಪ್ಪು ಅನ್ನುತ್ತಾರೆ.

ಆ ರವಿವಾರವೇ ನನ್ನನ್ನು ಕರೆದುಕೊಂಡು ಜೊಯಿಡಾಕ್ಕೆ ಹೋದರು. ಅಲ್ಲಿ ಜುಜೆ ಮಾಮಾ ಗೊತ್ತಲ್ಲ, ಮೊದಲು ಮರದ ದಿಮ್ಮಿ ಹೇರುವ ನಾಟಾ ಲಾರಿ ಓಡಿಸುತ್ತಿದ್ದವನು, ಈಗ ರಸ್ತೆ ಬದಿಯಲ್ಲಿ ರಿಪೇರಿ ಮಾಡುತ್ತಾನೆ. ಗಾಡಿಯ ಭಾರವನ್ನೆಲ್ಲ ಹೊರುವುದು ಈ ಶಾಕಪ್ಪೇ ಅಂತ ನಾನು ಇಷ್ಟು ವರ್ಷ ತಿಳಿದಿದ್ದೆ. ಜುಜೆ ಮಾಮಾ ನಕ್ಕ. "ಭಾರ ಹೊರೂದು ಕೆಳಗಿನ ಪಾಟಾ, ಈ ಬಾಗಿದ ಉಕ್ಕಿನ ಪಟ್ಟಿ. ಪಾಟಾ ಒಮ್ಮೆ ಕುಣಿಯಾಕ ಹತ್ತಿದರ ಅದನ್ನ ಹಿಡದ ನಿಂದರಸಾವ ಈ ಶಾಕಪ್ಪ" ಅಂತ ಹೇಳಿ, ಹಳೆಯದೊಂದನ್ನು ಉದ್ದಕ್ಕೆ ಸೀಳಿ ತೋರಿಸಿದ. ಒಳಗೆ ಒಂದು ಕೊಳವೆ, ಒಂದು ಸರಳು, ಸರಳಿನ ತುದಿಗೆ ಸಣ್ಣ ತೂತುಗಳ ಬಿಲ್ಲೆ. ಎಣ್ಣೆ ಆ ತೂತುಗಳಲ್ಲಿ ನುಸುಳಲು ಒದ್ದಾಡುತ್ತದೆ, ಆ ಒದ್ದಾಟದಲ್ಲೇ ಗಾಡಿಯ ಕುಣಿತ ಅಡಗುತ್ತದೆ. ಅಮ್ಮಾ, ಮಿಲ್ಲಿನಲ್ಲಿ ದಿನವೂ ಎಷ್ಟೋ ಯಂತ್ರ ನೋಡುತ್ತೇನೆ, ಇಷ್ಟು ಸರಳವಾದ ಜಾಣತನ ನೋಡಿರಲಿಲ್ಲ. ಜುಜೆ ಮಾಮಾ ನಮ್ಮ ಹಳೆಯವನ್ನೇ ಬಿಚ್ಚಿ, ದಪ್ಪ ಎಣ್ಣೆ ತುಂಬಿ, ಬೆಸುಗೆ ಹಾಕಿಕೊಟ್ಟ. ಮೂರನೆಯ ದಿನಕ್ಕೆ ಮತ್ತೆ ಸೋರಿತು.

ಹೆಸರಾದ ಕಂಪನಿಯ ಹೊಸ ಜೋಡಿ ನಮ್ಮ ಕೈಗೆ ಎಟುಕುವುದಲ್ಲ. ಹುಬ್ಬಳ್ಳಿಯ ಗುಜರಿಯಲ್ಲಿ ಒಡೆದ ಫಿಯಾಟಿನ ಒಂದು ಜೋಡಿ ಸಿಕ್ಕಿತು. ಅಬ್ಬಾ ಅಲ್ಲೇ ಒಂದೊಂದನ್ನೂ ನೆಟ್ಟಗೆ ಹಿಡಿದು ಎಳೆದು ಒತ್ತಿ ನೋಡಿದರು. ಎಳೆಯುವಾಗ ಬಿಗಿ ಇರಬೇಕಂತೆ, ಒತ್ತುವಾಗ ಸ್ವಲ್ಪ ಸಡಿಲ, ನಡುವೆ ಎಲ್ಲೂ ಕೈಗೆ ಪೊಳ್ಳು ಹತ್ತಬಾರದಂತೆ. ಒಂದು ಚೆನ್ನಾಗಿತ್ತು, ಇನ್ನೊಂದು ನಡುವೆ ಜರ್ರನೆ ಜಾರಿತು. ಚೆನ್ನಾಗಿದ್ದ ಒಂದನ್ನಾದರೂ ಒಯ್ಯೋಣ ಅಂದೆ. "ಒಂದ ಕಾಲು ಗಟ್ಟಿ, ಒಂದ ಕಾಲು ಕುಂಟ ಆದರ ಹಿಂದ ಕುಂತವರ ನಡಾ ಹೋಗತೈತಿ" ಅಂದುಬಿಟ್ಟು ಎದ್ದರು. ಹಿಂದೆ ಕೂತವರ ಸೊಂಟದ ಬಗ್ಗೆ ಅಬ್ಬಾ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ಹಳಿಯಾಳದ ಮಹಾಂತಪ್ಪನವರ ಗ್ಯಾರೇಜು. ಕುಂಬಾರವಾಡದ ಹಾದಿಗೆ ಓಡುವ ಬಾಡಿಗೆ ಗಾಡಿ ಅಂತ ಅವರಿಗೆ ಗೊತ್ತಿದ್ದುದರಿಂದ ಬಿರುಸಾದ ಜೋಡಿಯೊಂದನ್ನು ತಂದಿಟ್ಟರು. "ಹುಸೇನಸಾಬ್ರ, ಇದನ್ನ ಹಾಕ್ರಿ. ಒಂಬತ್ತ ಅಲ್ಲ, ಹನ್ನೊಂದ ಮಂದಿನ್ನ ಹೇರ್ರಿ, ಗಾಡಿ ಅಳ್ಳಾಡೂದಿಲ್ಲ." ನೋಡಲಿಕ್ಕೆಂದು ಒಂದು ದಿನ ಹಾಕಿಯೂ ಕೊಟ್ಟರು. ಗಾಡಿ ಅಳ್ಳಾಡಲಿಲ್ಲ, ನಿಜ. ಖಾಲಿ ಓಡಿಸಿದಾಗ ರಸ್ತೆಯ ಒಂದೊಂದು ಕಲ್ಲೂ ಸೀಟಿನೊಳಗಿಂದ ಬೆನ್ನಿಗೆ ಗುದ್ದಿತು. ಗಟ್ಟಿ ಇದ್ದಷ್ಟೂ ಒಳ್ಳೆಯದು ಅಂತ ಎಲ್ಲರೂ ಅನ್ನುತ್ತಾರೆ, ಕೂತು ನೋಡಿದರೆ ಬೇರೆಯೇ. ಅಬ್ಬಾ ಅದನ್ನು ತಿರುಗಿ ಕೊಟ್ಟು, ಮೆತ್ತನೆಯದು ಇದೆಯೇ ಅಂತ ಕೇಳಿದರು. ಮಹಾಂತಪ್ಪ ಸ್ವಲ್ಪ ಹೊತ್ತು ಅವರ ಮುಖ ನೋಡಿ, ಗೋಡೆಯ ಮಾಡದಿಂದ ಧೂಳು ಹಿಡಿದ ಒಂದು ಡಬ್ಬಿ ಇಳಿಸಿದರು. ಬೆಳಗಾವಿಯ ಕಡೆ ಯಾರೋ ಸಣ್ಣ ಕಾರ್ಖಾನೆಯವರು ಮಾಡಿದ್ದು, ಹೊಸದೇ. ಮೆತ್ತಗೆಂದು ಈ ಕಡೆ ಯಾರೂ ಒಯ್ಯದೆ ಎರಡು ವರ್ಷದಿಂದ ಬಿದ್ದಿತ್ತಂತೆ, ಅದಕ್ಕೇ ಅಗ್ಗ. ಆದರೆ ಅವರು ಮೊದಲೇ ಹೇಳಿಬಿಟ್ಟರು: "ಇದನ್ನ ಹಾಕಿದಮ್ಯಾಲ ನಾಕ ಮಂದೀಕಿಂತ ಹೆಚ್ಚ ಹತ್ತಿಸಬ್ಯಾಡ್ರಿ. ವರ್ಷ ತಡ್ಯೂದಿಲ್ಲ."

"ನಾಕ ಮಂದೀನ ಸಾಕು" ಅಂದರು ಅಬ್ಬಾ.

ನಾನು ಅವರನ್ನೇ ನೋಡುತ್ತ ನಿಂತೆ. ಬಾನೆಟ್ಟಿನ ಮೇಲೂ ಒಬ್ಬನನ್ನು ಕೂರಿಸಿ ತಂದವರು ಇವರೇನಾ? ಬಸ್ಸಿಲ್ಲದ ಆ ಹಾದಿಯಲ್ಲಿ ಅವರ ದುಡಿಮೆಯೆಲ್ಲ ಹೆಚ್ಚಿಗೆ ಹತ್ತಿದ ಮಂದಿಯಿಂದಲೇ ಬರುತ್ತಿತ್ತು. ಮರುದಿನದಿಂದ ನಿಜವಾಗಿಯೂ ನಾಲ್ವರನ್ನೇ ಹತ್ತಿಸಿದರು, ಉಳಿದವರಿಗೆ ಇನ್ನೊಂದು ಸಲ ಬರುತ್ತೇನೆ ಅಂದರು, ಬಂದರು ಕೂಡ. ಕುಂಬಾರವಾಡದ ತುಳಸಾ ಮೌಶಿ ನನ್ನನ್ನು ಸಂತೆಯಲ್ಲಿ ಹಿಡಿದು "ನಿಮ್ಮಪ್ಪಗ ಏನರೆ ಆಗೇತಿ ಏನೋ ವಜೀರಾ?" ಅಂತ ಕೇಳಿದಳು. ನನಗೂ ಅದೇ ಪ್ರಶ್ನೆ.

ಉತ್ತರ ಸಿಕ್ಕಿದ್ದು ಇವತ್ತು ಬೆಳಿಗ್ಗೆ. ಹೊಸ ಶಾಕಪ್ಪು ಹೇಗಿದೆ ನೋಡೋಣ ಅಂತ ಇಬ್ಬರೇ ಹೊರಟೆವು. ಹಿಂದಿನ ಸೀಟಿನ ಎಡಗಡೆ, ಕಿಟಕಿಯ ಹತ್ತಿರ ಒಂದು ತಂಬಿಗೆ ನೀರು ಇಟ್ಟಿದ್ದರು. ಚೆಲ್ಲಿದ್ದು ಎಷ್ಟು ಅಂತ ನೋಡುತ್ತ ಕೂರುವುದು ನನ್ನ ಕೆಲಸ. ಜೊಯಿಡಾ ದಾಟಿದ ಮೇಲೆ, ಕುಂಬಾರವಾಡದ ಕಡೆಯ ಆ ಮುರಿದ ಮೋರಿ ಬಂತು. ಫೆಬ್ರುವರಿಯಲ್ಲಿ ನಿನ್ನ ಬೆನ್ನು ಮುರಿದ ಜಾಗ. ಅಬ್ಬಾ ಅದರ ಮೇಲೆ ಹೋದರು, ತಿರುಗಿಸಿಕೊಂಡು ಬಂದರು, ಮತ್ತೆ ಹೋದರು. ಮೂರನೆಯ ಸಲ ಗಾಡಿ ನಿಲ್ಲಿಸಿ ಇಳಿದು, "ನೀ ಹೊಡಿ" ಅಂದು ನನ್ನನ್ನು ಸ್ಟೇರಿಂಗಿಗೆ ಕೂರಿಸಿ, ತಾವು ತಂಬಿಗೆ ತೆಗೆದು ನೀನು ಕೂತಿದ್ದ ಜಾಗದಲ್ಲಿ ಕೂತರು. ಕನ್ನಡಿಯಲ್ಲಿ ಕಾಣುತ್ತಿತ್ತು, ಕಣ್ಣು ಮುಚ್ಚಿದ್ದರು. ಮೋರಿ ದಾಟಿದೆ. "ಇನ್ನೊಮ್ಮೆ" ಅಂದರು. ಮತ್ತೆ ದಾಟಿದೆ. ಗಾಡಿ ಒಮ್ಮೆ ತಗ್ಗಿ, ಒಮ್ಮೆ ಎದ್ದು, ಸುಮ್ಮನಾಯಿತು.

ಇಂಜಿನ್ನು ಬಂದ್ ಮಾಡಿ ಕಾದೆ. ಕಡೆಗೆ ಹಿಂದಿನಿಂದಲೇ ಹೇಳಿದರು: "ಅಕಿ ನಿಂದರಸ್ರಿ ಅಂದಿದ್ಲು. ಮಂದಿ ಹೆಚ್ಚಾತು ಅಂತ ಬೈಯಾಕ ಹತ್ತ್ಯಾಳ ಅಂತ ತಿಳಕೊಂಡೆ ನಾ. ಹಿಂದ ಹೊಳ್ಳಿ ಸೈತ ನೋಡಲಿಲ್ಲ. ಜೊಯಿಡಾತನಕ ಹಂಗ ಹೊಡದೆ."

ಅಮ್ಮಾ, ಇದನ್ನು ನೀನು ನನಗೆ ಎಂದೂ ಹೇಳಲಿಲ್ಲ. ಗಾಡಿಯ ಮೇಲಿನ ಸಿಟ್ಟು ಅಂತಲೇ ನಾನು ತಿಳಿದಿದ್ದೆ, ಪೆಟ್ಟು ಬಿದ್ದದ್ದಕ್ಕೆ ಅಂತ. ಬೆನ್ನು ಹಿಡಿದುಕೊಂಡು ಅಷ್ಟು ದೂರ ಅವರ ಹಿಂದೆ ಹೇಗೆ ಕೂತಿದ್ದೆಯೋ. ಅಬ್ಬಾನ ಮೇಲೆ ಆ ಹೊತ್ತಿಗೆ ನನಗೂ ಸಿಟ್ಟು ಬಂತು. ಹಿಂದಕ್ಕೆ ತಿರುಗಿ ನೋಡಿದೆ. ಸೀಟಿನ ಹರಿದ ರೆಕ್ಸಿನ್ನನ್ನು ಬೆರಳಿಂದ ಒತ್ತಿ ಒತ್ತಿ ಕೂರಿಸುತ್ತಿದ್ದರು, ಅದು ಕೂರುತ್ತಿರಲಿಲ್ಲ. ಬರುವಾಗ ನಾನೇ ಓಡಿಸಿದೆ. ಅವರು ಮುಂದೆ ಬಂದು ಕೂರಲಿಲ್ಲ, ದಾಂಡೇಲಿಯವರೆಗೂ ಆ ಜಾಗದಲ್ಲೇ ಕೂತಿದ್ದರು.

ಅವರ ಪರವಾಗಿ ವಾದ ಮಾಡಲು ಇದನ್ನು ಬರೆಯುತ್ತಿಲ್ಲ. ಅವರು ಇಂಥ ಮಾತನ್ನು ನಿನ್ನ ಮುಂದೆ ಎಂದೂ ಆಡಲಾರರು, ನನ್ನ ಮುಂದೆ ಆಡಿದರು. ಅದು ನಿನಗೆ ಸೇರಬೇಕಾದ ಮಾತು ಅಂತ ಅನ್ನಿಸಿತು, ಅಷ್ಟೆ.

ಮಾಮಾನಿಗೂ ಮಾಮಿಗೂ ನನ್ನ ಸಲಾಮು. ರಹೀಮುನ್ನಿಸಾಳಿಗೆ ಅವಳು ಕೇಳಿದ್ದ ಬಿಳಿ ಕಾಗದದ ಕಟ್ಟು ಕಳಿಸುತ್ತೇನೆ. ನಿನ್ನ ದುವಾ ನನ್ನ ಮೇಲಿರಲಿ. ಅಲ್ಲಾಹನು ನಿನ್ನ ಬೆನ್ನಿಗೆ ಬಲ ಕೊಡಲಿ.

ನಿನ್ನ ಮಗ,
ವಜೀರ

ತಾ.ಕ.: ಅಮ್ಮಾ, ಸೋಮವಾರ ಬೆಳಿಗ್ಗೆ ಅವಸರದಲ್ಲಿ ಬರೆಯುತ್ತಿದ್ದೇನೆ. ಅಂಚೆಗೆ ಹಾಕಲು ಹೊರಟಿದ್ದೆ. ಅಬ್ಬಾ ತಡೆದು, ಮುಂಡಗೋಡದ ಕಡೆ ಬಾಡಿಗೆ ಇದೆ, ಕೊಡು, ನಾನೇ ಮುಟ್ಟಿಸುತ್ತೇನೆ ಅಂದರು. ಬಾಡಿಗೆ ಇಲ್ಲ ಅಂತ ನನಗೆ ಗೊತ್ತು. ಕ್ಷೌರ ಮಾಡಿಸಿಕೊಂಡು ಬಂದಿದ್ದಾರೆ. ಒಳಗೆ ಏನು ಬರೆದಿದೆ ಅಂತ ಅವರಿಗೆ ಗೊತ್ತಿಲ್ಲ, ಓದಲೂ ಬರುವುದಿಲ್ಲ. ಪತ್ರ ಕೊಟ್ಟು, ಒಳಗೆ ಬರುವ ಧೈರ್ಯ ಸಾಲದೆ, ಇದನ್ನು ನೀನು ಕೇಳುತ್ತಿರುವ ಹೊತ್ತಿಗೆ ನಿಮ್ಮ ಅಂಗಳದಲ್ಲೇ ನಿಂತಿರುತ್ತಾರೆ. ನೀನು ಮನೆಗೆ ಬರುವುದು ಬಿಡುವುದು ನಿನಗೇ ಬಿಟ್ಟದ್ದು. ಏನಿದ್ದರೂ ಅವರಿಗೆ ನೀನೇ ಹೇಳು. ಮೊದಲು ಅವರನ್ನು ಒಳಗೆ ಕರೆ.