ಗಾಳಿಗೊಂದು ಸಾಲು ಕೊಡಿ

ಮಾನ್ಯ ಪರಿಸರಾಧಿಕಾರಿಗಳೇ,

ನಮ್ಮ ಡೆನ್ಮಾರ್ಕಿನಲ್ಲಿ ಮೇಯರನ್ನೂ ‘ನೀನು’ ಎನ್ನುವುದು ರೂಢಿ. ಇವತ್ತು ಬಹುವಚನ, ಮರ್ಯಾದೆಗಲ್ಲ, ಅಂತರಕ್ಕೆ. ಊರ ಶಿಶುವಿಹಾರದ ಬಟ್ಟೆ ಲಂಗೋಟಿ ಪರಿಸರಕ್ಕೆ ಮಾರಕ, ಬಳಸಿ ಬಿಸಾಡುವ ಡೈಪರೇ ಪೂರಕ ಎಂದು ವರದಿಯೊಂದನ್ನು ಹಿಡಿದು ಸಾರಿದ್ದೀರಿ. ಮಂಗಳವಾರ ಪುರಸಭೆ ಒಪ್ಪಿ ಕೈಯೆತ್ತಿದರೆ ಒಗೆಯುವ ಕೋಣೆಗೆ ಬೀಗ, ಒಗೆಯುವ ಬೋದಿಲ್‌ಗೆ ಮನೆಯ ದಾರಿ. ಪೂರ್ತಿ ನಿಮ್ಮನ್ನೇ ಬೈಯೋಣವೆಂದರೆ, ಆ ವರದಿ ಬರೆದವನು ನಾನು.

ಹತ್ತಿ ಬಿತ್ತಿದಲ್ಲಿಂದ ಬೂದಿಯಾಗುವವರೆಗೆ, ತೊಟ್ಟಿಲಿನಿಂದ ಚಟ್ಟದವರೆಗೆ, ಪರಿಸರಕ್ಕಾಗುವ ಹಾನಿ ಲೆಕ್ಕ ಹಾಕಿ ವಸ್ತುಗಳ ಜಾತಕ ಬರೆಯುವುದು ನನ್ನ ಕಸುಬು. ಲಂಗೋಟಿಯ ಜಾತಕದಲ್ಲಿ ಶನಿ ಕೂತಿದ್ದು ಒಂದೇ ಮನೆಯಲ್ಲಿ: ಒಣಗಿಸುವ ಯಂತ್ರ. ಅದು ಕುಡಿಯುವ ವಿದ್ಯುತ್ತಿನಿಂದಲೇ ಬಟ್ಟೆ ಸೋತಿದ್ದು. ವರದಿ ಮುಗಿಸುವ ಮುನ್ನ ಆ ಯಂತ್ರ ನೋಡಲು ಶಿಶುವಿಹಾರಕ್ಕೆ ಹೋಗಿದ್ದೆ. ಹಿತ್ತಲಲ್ಲಿ ಹಸುಳೆಗಳು ನಮ್ಮ ದೇಶದ ರೂಢಿಯಂತೆ ತಳ್ಳುಗಾಡಿಗಳಲ್ಲಿ, ಚಳಿಯಲ್ಲೇ, ಹಾಯಾಗಿ ಮಲಗಿದ್ದವು. ಆಚೆ ಹಗ್ಗದ ಮೇಲೆ ಲಂಗೋಟಿಗಳು ಪಟಪಟ.

“ಒಣಗ್ಸೋ ಮಿಷನ್ ಎಲ್ಲಿದೆಯಮ್ಮಾ?” ಎಂದೆ.

ಬೋದಿಲ್ ಬಾಯಲ್ಲಿದ್ದ ಕ್ಲಿಪ್ ತೆಗೆದು ಸಮುದ್ರದ ಕಡೆ ತೋರಿಸಿದಳು. “ಅಗೋ, ಬೀಸ್ತಾ ಇದೆಯಲ್ಲ! ಆಫ್ ಮಾಡೋ ಸ್ವಿಚ್ ಸಿಕ್ಕಿದ್ರೆ ಹೇಳಪ್ಪಾ, ನನ್ನ ಟೋಪಿನಾದ್ರೂ ಉಳೀತದೆ.”

“ಮಳೆ ಬಂದ್ರೆ?”

“ಚಪ್ಪರ ಕಾಣಲ್ವಾ? ಮಳೆಗೆ ನೀನು ಕರಗ್ತೀಯೇನೋ, ಬಟ್ಟೆ ಕರಗಲ್ಲ ಮಾರಾಯ.”

ಇಬ್ಬರೂ ನಕ್ಕೆವು. ಕಾಫಿ ಕೊಟ್ಟಳು, ದಾಲ್ಚಿನ್ನಿ ಬನ್ನು ಕೊಟ್ಟಳು, ತಿಂದೆ. ಕಚೇರಿಗೆ ಬಂದು ನೋಡಿದರೆ, ನೀವು ಮಂಜೂರು ಮಾಡಿದ ಕೋಷ್ಟಕದಲ್ಲಿ ಗಾಳಿಗೆ ಸಾಲೇ ಇಲ್ಲ! ಫೋನು ಮಾಡಿದೆ. “ಊರಿಗೊಂದು ಲೆಕ್ಕ ಮಾಡ್ತಾ ಕೂತ್ರೆ ಹೋಲಿಸೋದು ಹೇಗಯ್ಯಾ? ದೇಶದ ಸರಾಸರಿ ಹಾಕು, ಮುಗಿಸು” ಎಂದಿರಿ. ಹಾಕಿದೆ, ಮುಗಿಸಿದೆ. ಇಲ್ಲದ ಯಂತ್ರಕ್ಕೆ ಹರಿಯದ ವಿದ್ಯುತ್ತು ಕುಡಿಸಿದೆ. ಗಾಳಿಯಂತ್ರಗಳನ್ನು ಜಗತ್ತಿಗೆಲ್ಲ ಮಾರುವ ಡೆನ್ಮಾರ್ಕಿನವರು ನಾವು. ಬಟ್ಟೆ ಒಣಗಿಸುವ ಗಾಳಿಯನ್ನು ಕಾಣದಾದೆವೆಂದರೆ ಯಾರಾದರೂ ನಂಬುತ್ತಾರೆಯೇ? ಡೈಪರಿಗೋ ಪುಣ್ಯದ ಗಂಟು! ಊರ ಕಸದ ಕುಲುಮೆಯಲ್ಲಿ ಅದನ್ನು ಸುಟ್ಟ ಬಿಸಿ, ಚಳಿ ಕಾಯಿಸಲು ಕೊಳವೆಯಲ್ಲಿ ಮನೆಮನೆಗೆ ಹರಿಯುತ್ತದೆಂದು ಅದಕ್ಕೆ ರಿಯಾಯಿತಿ ಬರೆದವನೂ ನಾನೇ.

ಮೊನ್ನೆ ಬೇಕರಿಯಲ್ಲಿ ಬೋದಿಲ್ ಎದುರಾದಳು. ಬೈಯಲಿಲ್ಲ. “ಅವತ್ತು ಬನ್ನು ಚೆನ್ನಾಗಿತ್ತಾ?” ಎಂದಳಷ್ಟೆ. ಬೈದಿದ್ದರೆ ನಿದ್ದೆ ಬರುತ್ತಿತ್ತು.

ಆದ್ದರಿಂದ ನನ್ನ ವರದಿಯನ್ನು ತಿರಸ್ಕರಿಸಿ, ಮತದಾನ ಮುಂದೂಡಿ, ಗಾಳಿಗೊಂದು ಸಾಲು ಕೊಡಿ. ಆಮೇಲೂ ಬಟ್ಟೆ ಸೋತರೆ ಸೋಲಲಿ, ನ್ಯಾಯವಾಗಿ ಸೋಲಲಿ. ಕೊಡದಿದ್ದರೆ ಮಂಗಳವಾರದ ಸಭೆಯಲ್ಲಿ ನನ್ನ ವರದಿಯ ವಿರುದ್ಧ ಮೊದಲು ಎದ್ದು ನಿಲ್ಲುವವನು ನಾನೇ. ಇದನ್ನು ಬರೆಯುವಾಗ ಅದೇ ಬಿಸಿಯಿಂದ ಕೋಣೆಯ ಕೊಳವೆ ಬೆಚ್ಚಗಿದೆ. ಅದರ ಮೇಲೆ ಕೈಯಿಡಲು ಮನಸ್ಸಾಗುತ್ತಿಲ್ಲ.

ಇಂತಿ,
ಬನ್ನು ತಿಂದು ಗಾಳಿ ನುಂಗಿದ
ನಿಮ್ಮದೇ ಲೆಕ್ಕಿಗ