ನುಡಿಸಿದರು ಎಂದು ಬರೆಯಿರಿ

ಹುಬ್ಬಳ್ಳಿ, ಫೆಬ್ರವರಿ ೩೦, ೨೧೩೧

'ಸಾಡೇಸಾತಿ' ರಾಕ್ ತಂಡದ ಅಭಿಮಾನಿ ಬಳಗದ ಹಿರಿಯರಿಗೆ, ಅದೇ ಬಳಗದ ಈಗಿನ ಕಾರ್ಯದರ್ಶಿಯ ನಮಸ್ಕಾರಗಳು.

ತಾರೀಖು ತಪ್ಪಿಲ್ಲ. ಫೆಬ್ರವರಿಗೆ ನ್ಯಾಯ ಸಿಕ್ಕಿ, ಇನ್ನೆರಡು ದಿನ ಸೇರಿ ಅದಕ್ಕೂ ಮೂವತ್ತು ದಿನವಾಗಿ ಇಪ್ಪತ್ತೆರಡು ವರ್ಷವಾಯಿತು. ಆ ಎರಡು ದಿನಗಳನ್ನು ಮೇ ತಿಂಗಳಿನಿಂದ ಕಿತ್ತುಕೊಂಡದ್ದಕ್ಕೆ ಯಾರೂ ಅತ್ತಿಲ್ಲ. ನಮ್ಮ ಮೇ ತಿಂಗಳ ಬಿಸಿಲು ನಿಮಗೆ ಗೊತ್ತಿಲ್ಲ. ಈ ಕಾಗದದ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಿಮ್ಮ ಒಂದು ಪದವೂ ನಮಗೆ ಬಹಳ ವಿಚಿತ್ರವಾಗಿ ಬಂದೊದಗಿದೆ, ಅದನ್ನು ಹೇಳಲೆಂದೇ ಕುಳಿತಿದ್ದೇನೆ.

ಇದು ನಿಮಗೆ ಹಿಂದಂಚೆಯಲ್ಲಿ ಬರುತ್ತದೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ. ಒಂದು ಸಂಘಕ್ಕೆ ಒಂದೇ ಕಾಗದ, ಅದೂ ಒಂದೇ ಸಲ. ಧ್ವನಿ ಕಳಿಸುವಂತಿಲ್ಲ, ಉತ್ತರ ಬಯಸುವಂತಿಲ್ಲ. ಹೆಚ್ಚಿನ ಸಂಘಗಳು ತಮ್ಮ ಸರದಿಯನ್ನು ಸಂಸ್ಥಾಪಕರಿಗೆ ಅಭಿನಂದನೆ ಬರೆದು ಮುಗಿಸಿಬಿಟ್ಟಿವೆ. ನಾವು ಯಾರಿಗೆ ಬರೆಯಬೇಕೆಂದು ಮೂವತ್ತು ವರ್ಷ ಜಗಳವಾಡಿದ್ದರಿಂದ ನಮ್ಮದು ಉಳಿದಿದೆ.

ನಾವೀಗ ಹನ್ನೊಂದು ಜನ. ಹಳೆಯ ರೈಲ್ವೆ ಶೆಡ್ಡಿನಲ್ಲಿ ಭಾನುವಾರ ಬೆಳಗ್ಗೆ ಎರಡು ತಾಸು ನಮಗೆ ನೆರಳುಪಾಳಿ ಇದೆ; ಸಾರ್ವಜನಿಕ ನೆರಳಿನಲ್ಲಿ ಕೂರಲು ಸಿಗುವ ಸರದಿಗೆ ಹಾಗೆನ್ನುತ್ತೇವೆ. ನಮಗಿಂತ ಮೊದಲು ಹಪ್ಪಳದ ಮಹಿಳಾ ಸಂಘ, ನಮ್ಮ ನಂತರ ಭಜನಾ ಮಂಡಳಿ. ಹಿಂದಿನವರು ಹಿಟ್ಟು ಉದುರಿಸಿ ಹೋಗುತ್ತಾರೆ, ಮುಂದಿನವರು ಬಾಗಿಲಲ್ಲೇ ನಿಂತು ಕೆಮ್ಮುತ್ತಾರೆ. ಗಟ್ಟಿ ಸದ್ದಿಗೆ ಅನುಮತಿಯಿಲ್ಲದ್ದರಿಂದ ಎಲ್ಲರೂ ಎಲುಬುಗಿವಿ ಹಚ್ಚಿಕೊಂಡು ಕೇಳುತ್ತೇವೆ. ಅದೊಂದು ಬಿಲ್ಲೆ, ಕೊರಳ ಕೆಳಗಿನ ಎಲುಬಿಗೆ ಒತ್ತಿಕೊಂಡರೆ ಹಾಡು ಒಳಗಿನಿಂದಲೇ ಏಳುತ್ತದೆ. ನಿಜವಾದ ಕೀಬೋರ್ಡು ಈ ಊರಿನಲ್ಲಿ ಉಳಿದಿಲ್ಲ. ಹಾಗಾಗಿ ಪ್ರತಿಯೊಬ್ಬರ ತೊಡೆಯ ಮೇಲೂ ಒಂದೊಂದು ಹಲಗೆ, ಹಲಗೆಯ ಮೇಲೆ ಕಪ್ಪು ಬಿಳಿ ಬಣ್ಣದ ಪಟ್ಟಿ. ಹಾಡು ಸಾಗಿದಂತೆ ಬೆರಳುಗಳನ್ನು ಹಲಗೆಯ ಮೇಲೆ ಆಡಿಸುತ್ತೇವೆ. ಇದಕ್ಕೆ ಹಲಗೆಸೇವೆ ಎಂದು ಹೆಸರು. ಸದ್ದಿಲ್ಲದ ಸೇವೆ, ಸುದ್ದಿಯಾಗದ ಸೇವೆ.

ಸೇವೆ ಸಲ್ಲುವುದು ತಂಡದಲ್ಲಿ ಒಬ್ಬರ ನಂತರ ಒಬ್ಬರು ಕೀಬೋರ್ಡ್ ನುಡಿಸಿದ, ನಿಮಗೆ ಚೆನ್ನಾಗಿ ಗೊತ್ತಿರುವ ಆ ಮೂವರಿಗೆ. ಇಗರ್ಜಿಯ ಆರ್ಗನ್ ಬಿಟ್ಟು ಬಂದ, ರೈಲ್ವೆ ಗಾರ್ಡ್ ಸಾಹೇಬರ ಮಗ ಆಲ್ಬನ್ ಡಿಮೆಲ್ಲೊ. ಎರಡು ಹಾರ್ಮೋನಿಯಂ ಪೇಟಿಗಳನ್ನು ಅಕ್ಕಪಕ್ಕ ಇಟ್ಟು ಅಭ್ಯಾಸ ಮಾಡಿ, ಅದೇ ಕೈಯಲ್ಲಿ ಸಿಂಥಸೈಜರ್ ಪಳಗಿಸಿದ ವಾಸಂತಿ ಕಟ್ಟಿ. ಮದುವೆ ಮೆರವಣಿಗೆಯ ಬ್ಯಾಂಡಿನಿಂದ ಬಂದ, ಕೂತು ನುಡಿಸಲು ಕೊನೆವರೆಗೂ ಒಪ್ಪದ ಮೌಲಾಸಾಬ ಗುತ್ತಲ. ಏಳೂವರೆ ಮಾತ್ರೆಯ ತಾಳಕ್ಕೆ ತಂಡ ಕಟ್ಟಿ, ಅದಕ್ಕೆ ಶನಿಕಾಟದ ಹೆಸರಿಟ್ಟ ಮೇಲೆ ಕೀಬೋರ್ಡಿನವರು ನಿಲ್ಲದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಮೂವರಲ್ಲಿ ಯಾರು ಮೇಲು ಎಂದು ನೀವು ಆರಂಭಿಸಿದ ವಾದವನ್ನು ನಾವು ಮುರಿಯದೆ ಮುಂದುವರಿಸಿದ್ದೇವೆ. ಡಿಮೆಲ್ಲೊ ಪಕ್ಷದವರು ಗುತ್ತಲ ಪಕ್ಷದವರ ಮನೆಗೆ ಹೆಣ್ಣು ಕೊಡುವುದಿಲ್ಲ. ಕೊಟ್ಟರೂ ಮದುವೆಯಲ್ಲಿ ಹಾಡು ಹಾಕುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಕಾಲದಲ್ಲಿ ಎಲ್ಲ ಧ್ವನಿಗಳೂ ಶ್ರುತಿಕಣಜ ಎಂಬ ಒಂದೇ ಉಗ್ರಾಣದಲ್ಲಿರುತ್ತವೆ. ಜಾಗ ಸಾಲದ್ದರಿಂದ ಮೂವತ್ತು ವರ್ಷಕ್ಕೊಮ್ಮೆ ತೂರುತ್ತಾರೆ: ಕಾಳು ಉಳಿಯುತ್ತದೆ, ಹೊಟ್ಟು ಅಳಿಯುತ್ತದೆ. ಸಾಡೇಸಾತಿಯ ಪೂರ್ತಿ ಹಾಡುಗಳು ಎಂದೋ ಕಳೆದುಹೋದವು. ಒಂದೊಂದು ವಾದ್ಯವನ್ನು ಬೇರೆ ಬೇರೆಯಾಗಿ ಹಿಡಿದ ಟೇಪುಗಳು ಮಾತ್ರ ಇವೆ. ಗಿಟಾರಿನ ಟೇಪು, ಡ್ರಮ್ಮಿನ ಟೇಪು ಕಾಳಿನ ಪಟ್ಟಿಯಲ್ಲಿವೆ. ಕೀಬೋರ್ಡಿನ ಮೂರು ಟೇಪುಗಳು ಮಾರ್ಚ್ ಒಂಬತ್ತಕ್ಕೆ ಅಳಿಯುತ್ತವೆ. ಪಟ್ಟಿಯಲ್ಲಿ ಅವುಗಳ ಎದುರು 'ಕಚೇರಿ ಸದ್ದು' ಎಂದಿದೆ.

ಕಾರಣ ನಿಮ್ಮ ಸ್ಮರಣ ಸಂಚಿಕೆಯ ಹದಿನಾಲ್ಕನೇ ಪುಟ. ಹಿರಿಯರೇ, ನಿಮ್ಮ ಕನ್ನಡಾಭಿಮಾನ ದೊಡ್ಡದು. ಸಂಚಿಕೆಯುದ್ದಕ್ಕೂ ಕೀಬೋರ್ಡ್ ಎಂಬ ಪದವನ್ನು ಹುಡುಕಿ ತೆಗೆದು ಕೀಲಿಮಣೆ ಎಂದು ಹಾಕಿದ್ದೀರಿ. ನನಗೂ ಆ ಪದ ಇಷ್ಟವೇ. ಆದರೆ ಅದು ಕಂಪ್ಯೂಟರಿನ ಮುಂದೆ ಕೂತವರಿಗೂ ಸಲ್ಲುವ ಪದ. ಗಿಟಾರ್ ನುಡಿಸಿದವರು, ಡ್ರಮ್ಸ್ ಬಾರಿಸಿದವರು ಎಂದು ಬರೆದ ಕೈಯೇ ಅದರ ಕೆಳಗೆ 'ಕೀಲಿಮಣೆ ನೋಡಿಕೊಂಡವರು' ಎಂದು ಬರೆದಿದೆ. ಮುಂದಿನ ವಾಕ್ಯವಂತೂ ನನಗೆ ಬಾಯಿಪಾಠವಾಗಿದೆ: ಮೂವರೂ ಎರಡೂ ಕೈ ಬಳಸುತ್ತಿದ್ದರು, ಕೀಲಿಗಳತ್ತ ನೋಡುತ್ತಲೇ ಇರಲಿಲ್ಲ, ಅವರ ವೇಗಕ್ಕೆ ಸಾಟಿಯಿರಲಿಲ್ಲ, ತಪ್ಪುಗಳು ಅಪರೂಪ. ಇದನ್ನು ಓದಿದ ಯಾವ ಅಧಿಕಾರಿಯಾದರೂ ಮೂವರಿಗೂ ಟೈಪಿಂಗ್ ಸೀನಿಯರ್ ಪ್ರಮಾಣಪತ್ರ ಕೊಡುತ್ತಿದ್ದ.

ಆಕ್ಷೇಪಣೆ ಸಲ್ಲಿಸಿದೆವು. ಮೂವರ ಹೆಸರು ಯಾವ ಕ್ರಮದಲ್ಲಿರಬೇಕೆಂದು ತೀರ್ಮಾನವಾಗಲು ಐದು ತಿಂಗಳು ಹಿಡಿಯಿತು. ಆಮೇಲೆ ತೂರುವ ಅಧಿಕಾರಿ ಸ್ಥಳ ಪರಿಶೀಲನೆಗೆ ಬಂದರು, ಅದೂ ಭಾನುವಾರ ಬೆಳಗ್ಗೆ. ಶೆಡ್ಡಿನ ಬಾಗಿಲು ತೆರೆದಾಗ ಅವರಿಗೆ ಕಂಡದ್ದು ಇಷ್ಟು: ಹನ್ನೊಂದು ಜನ ಸಾಲಾಗಿ ಕೂತು, ಕಣ್ಣು ಮುಚ್ಚಿ, ಉಸಿರೆತ್ತದೆ ಹಲಗೆ ಕುಟ್ಟುತ್ತಿದ್ದಾರೆ. ವರದಿಯಲ್ಲಿ 'ಬೆರಳಚ್ಚು ಅಭ್ಯಾಸ ಇಂದಿಗೂ ಜಾರಿಯಲ್ಲಿದೆ' ಎಂದು ಬರೆದರು. ಅವರನ್ನು ದೂರಲಾರೆ.

ನಮ್ಮ ಅಧ್ಯಕ್ಷೆ ನೀಲಾಂಬಿಕಾ ಸವಡಿ ಅವರಿಗೆ ಎಂಬತ್ತೊಂದು ವರ್ಷ. ಇವರ ಮುತ್ತಜ್ಜಿಯೇ ವಾಸಂತಿ. ಮನೆಯಲ್ಲಿ ವಾಸಂತಿಯ ಒಂದು ಫೋಟೊ ಇಲ್ಲ, ಪತ್ರ ಇಲ್ಲ. ಟೇಪಿನಲ್ಲಿ ಎಂಟು ನಿಮಿಷದ ಒಂದು ಒಂಟಿ ವಾದನವಿದೆ. ಅದರ ನಡುವೆ ಆಕೆ ಒಮ್ಮೆ 'ಥೂ' ಅಂದು, ತಪ್ಪಿದ ಸ್ವರವನ್ನು ಮತ್ತೆ ಹಿಡಿಯುತ್ತಾರೆ. ನೀಲಾಂಬಿಕಾ ಅವರಿಗೆ ಮುತ್ತಜ್ಜಿ ಎಂದರೆ ಅಷ್ಟೇ. ಅವರು ಅಧಿಕಾರಿಯ ಕೈಗೆ ಬಿಲ್ಲೆ ಕೊಟ್ಟು, ಒಂದು ನಿಮಿಷ ಕೇಳಿರೆಂದು ಕೇಳಿಕೊಂಡರು. ಅಧಿಕಾರಿ ಮರ್ಯಾದಸ್ಥರು, ಎರಡೂ ಕೈಯಿಂದ ಅದನ್ನು ಹಿಂದಿರುಗಿಸಿದರು.

"ಅಮ್ಮಾರ, ನಾ ಓದೂ ವಿಭಾಗದಾಂವ. ಕೇಳೂ ವಿಭಾಗ ಬ್ಯಾರೆ ಐತ್ರಿ. ಸಂಗೀತ ಅಂತ ಬರದಿದ್ದಷ್ಟ ಅಲ್ಲಿಗೆ ಹೋಗತೈತಿ."

ತಿದ್ದುಪಡಿಗೆ ನಮ್ಮ ಮಾತು ನಡೆಯುವುದಿಲ್ಲ. ಆ ಮೂವರನ್ನು ಎದುರಿಗೆ ಕೂತು, ಕಿವಿಯಾರೆ ಕೇಳಿದವರ ಬರಹವೇ ಬೇಕು. ಅಂಥವರು ನೀವೇ ಕೊನೆ, ನೀವು ಬರೆದಿಟ್ಟದ್ದು ಆ ಸಂಚಿಕೆ ಒಂದೇ. ಅದರ ಕರಡು ನಿಮ್ಮ ಮೇಜಿನ ಮೇಲಿರುವ ದಿನಕ್ಕೇ ಈ ಕಾಗದ ಮುಟ್ಟುವಂತೆ ನಮೂದಿಸಿದ್ದೇನೆ. ಕೀಲಿಮಣೆ ಬೇಕಾದರೆ ಇರಲಿ. 'ನೋಡಿಕೊಂಡವರು' ಎಂಬುದನ್ನು ಹೊಡೆದುಹಾಕಿ 'ನುಡಿಸಿದರು' ಎಂದು ಬರೆಯಿರಿ. ಹಲಗೆಯನ್ನು ಒತ್ತಬಹುದು, ಅಕ್ಷರವನ್ನು ಕುಟ್ಟಬಹುದು; ನುಡಿಸುವುದೆಂದರೆ ನುಡಿಯುವಂತೆ ಮಾಡುವುದು. ಆ ಒಂದು ಕ್ರಿಯಾಪದಕ್ಕೆ ಅಧಿಕಾರಿಯೂ ತಲೆಬಾಗಬೇಕಾಗುತ್ತದೆ.

ಹೆಸರುಗಳ ಕ್ರಮದ ಬಗ್ಗೆಯೂ ಏನಾದರೂ ಬರೆಯಲೇ ಎಂದು ನೀಲಾಂಬಿಕಾ ಅವರನ್ನು ಕೇಳಿದೆ. ವಾಸಂತಿಯ ಹೆಸರು ಮೊದಲಿರಬೇಕೆಂದು ನಲವತ್ತು ವರ್ಷ ಹೋರಾಡಿದವರು ಅವರು. ಈ ಸಲ ಹಲಗೆಯನ್ನು ಪಕ್ಕಕ್ಕಿಟ್ಟು ಹೇಳಿದರು:

"ಕಡೀಕ ಹಾಕ್ಲಿ ಬಿಡಪಾ. ನುಡಿಸಿದ್ಲು ಅಂತ ಇದ್ರ ಸಾಕು."

ಹಿರಿಯರೇ, ನೀವು ತಿದ್ದಿದರೆ ಟೇಪುಗಳು ಉಳಿಯುತ್ತವೆ. ಉಳಿದರೆ ನಮಗೆ ಈ ಕಾಗದ ಬರೆಯುವ ಕಾರಣವೇ ಇರುವುದಿಲ್ಲ. ನೀವು ಉಪಕಾರ ಮಾಡಿದಿರೆಂಬುದೂ ನಮಗೆ ಗೊತ್ತಾಗುವುದಿಲ್ಲ. ಯಾರು ಮೇಲು ಎಂಬ ಜಗಳವನ್ನಷ್ಟೇ ಮಾಡಿಕೊಂಡು, ನಿಮ್ಮನ್ನು ನೆನೆಯದೆ ಇದ್ದುಬಿಡುತ್ತೇವೆ. ಆ ಕೃತಘ್ನತೆ ಎಷ್ಟು ಬೇಗ ಬರುತ್ತದೋ ಅಷ್ಟು ಒಳ್ಳೆಯದು. ಧನ್ಯವಾದ ಹೇಳಲು ನನಗಿರುವುದು ಈ ಸಾಲು ಮಾತ್ರ, ಆದ್ದರಿಂದ ಈಗಲೇ ಹೇಳುತ್ತಿದ್ದೇನೆ.

ಇಂತಿ,
ಮಡಿವಾಳಪ್ಪ ಕುಸುಗಲ್ಲ
ಕಾರ್ಯದರ್ಶಿ